ಸುಜಾನ್ ಲೆಂಗ್ಲೆನ್: ಕೀರ್ತಿಯೂ ಕೂಲಿಯೂ

ದುಡಿದವರಿಗೆ ಕೂಲಿ ಸಲ್ಲಬೇಕೆಂಬುದು ಎಲ್ಲ ನಾಡಿನವರೂ ಒಪ್ಪುವ ನೀತಿ. ಆದರೂ ಕೆಲವು ದುಡಿಮೆಗಳಿಗೆ ಕೀರ್ತಿಯೇ ಕೂಲಿಯೆಂದು ಹೊಗಳಿ, ದುಡಿದವರನ್ನು ಬರಿಗೈಯಲ್ಲಿ ಕಳುಹಿಸುವ ವಾಡಿಕೆಯು ಲೋಕದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಟೆನ್ನಿಸ್ ಆಟದಲ್ಲಿ ಈ ವಾಡಿಕೆಯು 1968ರ ವರೆಗೂ ಕಟ್ಟಳೆಯಾಗಿಯೇ ಇದ್ದಿತು. ಆ ಕಟ್ಟಳೆಯನ್ನು ಮೀರಿ ಹೊರನಡೆದ ಹೆಸರಾಂತ ಆಟಗಾರರಲ್ಲಿ ಮೊದಲಿಗಳು ಫ್ರಾನ್ಸ್ ದೇಶದ ಸುಜಾನ್ ಲೆಂಗ್ಲೆನ್. ಆಕೆಯ ಗೆಲುವುಗಳನ್ನು ಬಲ್ಲವರು ಹಲವರು. ಆ ಗೆಲುವುಗಳಿಗೆ ಆಕೆ ತೆತ್ತ ಬೆಲೆಯನ್ನು ಬಲ್ಲವರು ಕೆಲವರು. ಆದುದರಿಂದ ಆ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಯುಕ್ತವೆಂದು ತೋರಿತು.

ಸುಜಾನ್ ಜನಿಸಿದುದು 1899ನೆಯ ಮೇ 24ರಂದು, ಪ್ಯಾರಿಸ್ ನಗರದಲ್ಲಿ. ಬಾಲ್ಯದಲ್ಲಿ ಆಕೆಯ ದೇಹಸ್ಥಿತಿ ಅಷ್ಟು ಗಟ್ಟಿಯಾಗಿರಲಿಲ್ಲ. ಮಗಳಿಗೆ ವ್ಯಾಯಾಮವಾಗಲೆಂದು ತಂದೆ ಷಾರ್ಲ್ ಲೆಂಗ್ಲೆನ್ 1910ರಲ್ಲಿ ಒಂದು ರ‍್ಯಾಕೆಟನ್ನು ತಂದುಕೊಟ್ಟನು. ಔಷಧವಾಗಿ ಬಂದುದು ಬಲುಬೇಗ ತಪಸ್ಸಾಯಿತು. ಅಂಗಣದಲ್ಲಿ ಅಲ್ಲಲ್ಲಿ ಕರವಸ್ತ್ರವನ್ನು ಹಾಸಿ, ಚೆಂಡು ಅದರ ಮೇಲೆಯೇ ಬೀಳುವಂತೆ ಹೊಡೆಯಬೇಕೆಂದು ತಂದೆಯ ಕಟ್ಟಾಜ್ಞೆ. ಗುರಿ ತಪ್ಪಿದರೆ ಗದರಿಕೆ. ತಾಗಿದರೆ ಇನ್ನೂ ಕಿರಿದಾದ ಗುರಿ. ಹೀಗೆ ಬೆಳೆದ ಬಾಲೆಯು 1914ರಲ್ಲಿ, ಹದಿನೈದು ತುಂಬಿದ ಕೆಲವೇ ದಿನಗಳಲ್ಲಿ, ಪ್ಯಾರಿಸ್ಸಿನ ಬಳಿ ನಡೆದ ಜಾಗತಿಕ ಹಾರ್ಡ್ ಕೋರ್ಟ್ ಪಂದ್ಯಾವಳಿಯನ್ನು ಗೆದ್ದಳು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವು ಬಂದೆರಗಿ, ದೊಡ್ಡ ಪಂದ್ಯಗಳೆಲ್ಲವೂ ನಿಂತುಹೋದವು.

ಯುದ್ಧವು ಮುಗಿದ ಮೇಲೆ, 1919ರಲ್ಲಿ, ಆಕೆ ಇಂಗ್ಲೆಂಡಿನ ವಿಂಬಲ್ಡನ್ನಿಗೆ ಬಂದಳು. ಅಲ್ಲಿ ಎದುರಾದವಳು ಏಳು ಬಾರಿ ಅದೇ ಪ್ರಶಸ್ತಿಯನ್ನು ಪಡೆದಿದ್ದ, ನಲವತ್ತರ ವಯಸ್ಸಿನ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್. ಇನ್ನೊಂದು ಅಂಕ ಬಂದಿದ್ದರೆ ಗೆಲುವು ಹಿರಿಯಳದಾಗುತ್ತಿದ್ದ ಗಳಿಗೆಯು ಎರಡು ಸಲ ಒದಗಿತು. ಎರಡು ಸಲವೂ ಕಿರಿಯಳು ಉಳಿದುಕೊಂಡು 10–8, 4–6, 9–7ರಿಂದ ಜಯಿಸಿದಳು. ಅಂದಿನಿಂದ 1923ರ ವರೆಗೆ ಎಡೆಬಿಡದೆಯೂ, ಮರಳಿ 1925ರಲ್ಲಿಯೂ ವಿಂಬಲ್ಡನ್ ಪ್ರಶಸ್ತಿಯು ಆಕೆಯದಾಯಿತು. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಹತ್ತು ಸೆಟ್ಟುಗಳನ್ನಾಡಿ, ನಾಲ್ಕೇ ಗೇಮುಗಳನ್ನು ಬಿಟ್ಟುಕೊಟ್ಟು, ಚಿನ್ನದ ಪದಕವನ್ನು ಪಡೆದಳು. ನೆಲ ಮುಟ್ಟುವ ಲಂಗ, ಬಿಗಿದ ಒಳಕಟ್ಟುಗಳನ್ನು ತೊರೆದು, ಗಿಡ್ಡ ತೋಳಿನ ಹಗುರ ಉಡುಪಿನಲ್ಲಿ ಆಡಿದಳು. ಮಡಿವಂತರು ಮೊದಮೊದಲು ಹುಬ್ಬುಗಂಟಿಕ್ಕಿದರು; ಬಳಿಕ ಅವರ ಹೆಣ್ಣುಮಕ್ಕಳೇ ಅದನ್ನು ಅನುಸರಿಸಿದರು.

ಆಕೆಯಲ್ಲಿ ದೋಷವಿರಲಿಲ್ಲವೆಂದಲ್ಲ. ಮುಂಗೋಪ, ಹಟ, ಮನಸ್ಸು ಕೆಟ್ಟರೆ ಅಂಗಣದಲ್ಲಿಯೇ ಅಳುವುದು, ಇವೆಲ್ಲ ಇದ್ದವು. 1921ರಲ್ಲಿ ಅಮೆರಿಕದಲ್ಲಿ ಮೊಲ್ಲಾ ಮ್ಯಾಲರಿಯೊಡನೆ ಆಡುತ್ತಿದ್ದಾಗ, ಅಸ್ವಸ್ಥಳೆಂದು ನಡುವೆಯೇ ಆಟವನ್ನು ಬಿಟ್ಟಳು. ಅದನ್ನು ನಟನೆಯೆಂದು ಆಡಿಕೊಂಡವರು ಬಹುಮಂದಿ. ಮರುವರ್ಷ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಅದೇ ಮ್ಯಾಲರಿಯನ್ನು 6–2, 6–0ರಿಂದ ಸೋಲಿಸಿ ಉತ್ತರ ಕೊಟ್ಟಳು. ಆ 1922ರಲ್ಲಿಯೇ ವಿಂಬಲ್ಡನ್ ಕ್ಲಬ್ಬು ಹಳೆಯ ಇಕ್ಕಟ್ಟಾದ ಜಾಗವನ್ನು ಬಿಟ್ಟು ಈಗಿನ ವಿಶಾಲ ಸ್ಥಳಕ್ಕೆ ಹೋಯಿತು. ಈಕೆಯ ಆಟವನ್ನು ನೋಡಲು ನೆರೆಯುತ್ತಿದ್ದ ಜನಸಂದಣಿಯು ಅದಕ್ಕೆ ಒಂದು ಕಾರಣವಾಗಿತ್ತು.

ಈಗ ಹಣದ ಮಾತಿಗೆ ಬರೋಣ. ಟಿಕೀಟುಗಳ ಹಣವು ಕ್ಲಬ್ಬುಗಳ ಬೊಕ್ಕಸವನ್ನು ತುಂಬುತ್ತಿತ್ತು. ಆಡಿದವರಿಗೆ ಮಾತ್ರ ಬಹುಮಾನದ ಬಟ್ಟಲು, ಚಪ್ಪಾಳೆ. ಹವ್ಯಾಸಿಯು ಹಣ ಮುಟ್ಟಿದರೆ ಪಂದ್ಯಗಳಿಂದ ಬಹಿಷ್ಕಾರ. 1926ನೆಯ ಫೆಬ್ರವರಿ 16ರಂದು ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಆಕೆಗೂ ಅಮೆರಿಕದ ತರುಣಿ ಹೆಲೆನ್ ವಿಲ್ಸ್‌ಗೂ ನಡೆದ ಪಂದ್ಯವು ಈ ವೈಪರೀತ್ಯಕ್ಕೆ ಕನ್ನಡಿ. ಸ್ಥಳ ದೊರೆಯದವರು ಮಾಡುಗಳನ್ನೂ ಮರಗಳನ್ನೂ ಏರಿ ನೋಡಿದರು. ಸುಜಾನ್ 6–3, 8–6ರಿಂದ ಗೆದ್ದಳು. ಅಷ್ಟು ಜನರನ್ನು ಸೆಳೆದ ಇಬ್ಬರು ಹೆಂಗಸರಿಗೆ ಆ ದಿನದ ಗಳಿಕೆಯಲ್ಲಿ ಕಟ್ಟಳೆಯ ಪ್ರಕಾರ ಒಂದು ಕಾಸೂ ಸಲ್ಲುವಂತಿರಲಿಲ್ಲ.

ಅದೇ ವರ್ಷದ ಬೇಸಗೆಯಲ್ಲಿ ವಿಂಬಲ್ಡನ್ನಿನಲ್ಲಿ ಆಟದ ವೇಳೆಯನ್ನು ಕುರಿತು ವ್ಯವಸ್ಥಾಪಕರಿಗೂ ಆಕೆಗೂ ಮನಸ್ತಾಪವುಂಟಾಯಿತು. ರಾಣಿ ಮೇರಿಯವರು ನೋಡಲು ಬಂದು ಕುಳಿತಿದ್ದರೂ ಆ ದಿನ ಸುಜಾನಳ ಆಟವು ನಡೆಯಲಿಲ್ಲ. ರಾಣಿಯವರನ್ನು ಅವಮಾನಿಸಿದಳೆಂದು ಪತ್ರಿಕೆಗಳೂ ಜನರೂ ತಿರುಗಿಬಿದ್ದರು. ಆಕೆ ಪಂದ್ಯಾವಳಿಯಿಂದ ಹೊರಬಂದಳು. ಮರಳಿ ಆ ಅಂಗಣದಲ್ಲಿ ಆಡಲಿಲ್ಲ.

ಅನಂತರದ ಆಗಸ್ಟಿನಲ್ಲಿ ಅಮೆರಿಕದ ವ್ಯವಹಾರಸ್ಥ ಸಿ. ಸಿ. ಪೈಲ್ ಎಂಬವನು ಮುಂದಿಟ್ಟ 50,000 ಡಾಲರುಗಳ ಕರಾರಿಗೆ ಆಕೆ ಸಮ್ಮತಿಸಿ, ವೃತ್ತಿಯ ಆಟಗಾರ್ತಿಯಾದಳು. ಅಕ್ಟೋಬರ್ 9ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪ್ರವಾಸವು ಮೊದಲಾಯಿತು. 1927ರ ಆದಿಯಲ್ಲಿ ಅದು ಮುಗಿಯುವ ವೇಳೆಗೆ ಮೇರಿ ಬ್ರೌನಳ ಎದುರು 38 ಪಂದ್ಯಗಳನ್ನಾಡಿ, 38ನ್ನೂ ಗೆದ್ದಿದ್ದಳು. ಹವ್ಯಾಸಿಗಳ ಸಂಘಗಳು ಬಾಗಿಲು ಮುಚ್ಚಿದವು. ವಿಂಬಲ್ಡನ್ ಕ್ಲಬ್ಬು ತಾನು ಕೊಟ್ಟಿದ್ದ ಗೌರವ ಸದಸ್ಯತ್ವವನ್ನು ಹಿಂದಕ್ಕೆ ತೆಗೆದುಕೊಂಡಿತು. ಆಕೆಯ ವಾದವಾದರೋ ಸರಳವಾಗಿತ್ತು. ಹನ್ನೆರಡು ವರ್ಷ ತಾನು ಅನ್ಯರಿಗಾಗಿ ಐಶ್ವರ್ಯವನ್ನು ಗಳಿಸಿಕೊಟ್ಟಿದ್ದು, ಪಂದ್ಯಕ್ಕೆ ಸೇರಲು ಶುಲ್ಕವನ್ನೂ ತಾನೇ ತೆತ್ತಿದ್ದು, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕೈಯಲ್ಲಿ ಸಂಪತ್ತಿಲ್ಲದಿರುವಾಗ, ತಾನು ಬಲ್ಲ ಒಂದೇ ವಿದ್ಯೆಯಿಂದ ಬದುಕುವುದು ತಪ್ಪೇಕೆ ಎಂಬುದು ಅದರ ತಾತ್ಪರ್ಯ. ಧನಿಕರಿಗಲ್ಲದೆ ಉಳಿದವರಿಗೆ ನಿಲುಕದಂತಹ ಕಟ್ಟಳೆಯನ್ನು ಶುದ್ಧತೆಯೆಂದು ಕರೆಯುವುದಾದರೂ ಹೇಗೆ? ಈ ಪ್ರಶ್ನೆಗೆ ಸಂಘಗಳು ಬಹಿಷ್ಕಾರವನ್ನಲ್ಲದೆ ಬೇರೆ ಉತ್ತರವನ್ನು ಕೊಡಲಿಲ್ಲ.

ನಿವೃತ್ತಿಯ ಬಳಿಕ ಆಕೆ ಪ್ಯಾರಿಸ್ಸಿನಲ್ಲಿ ಟೆನ್ನಿಸ್ ಶಾಲೆಯನ್ನು ನಡೆಸಿ, ಮಕ್ಕಳಿಗೆ ವಿದ್ಯೆಯನ್ನು ಧಾರೆಯೆರೆದಳು. ಮೂವತ್ತೊಂಬತ್ತು ತುಂಬಿ ಎರಡು ತಿಂಗಳು ಕಳೆಯುವ ಮೊದಲೇ, 1938ನೆಯ ಜುಲೈ 4ರಂದು, ವಿಷಮ ರಕ್ತಹೀನತೆಯಿಂದ ತೀರಿಕೊಂಡಳು.

ಆಕೆ ಹೊರನಡೆದು ನಲವತ್ತೆರಡು ವರ್ಷಗಳಾದ ಮೇಲೆ, 1968ರಲ್ಲಿ, ವಿಂಬಲ್ಡನ್ನು ವೃತ್ತಿಯ ಆಟಗಾರರಿಗೆ ಬಾಗಿಲು ತೆರೆದು, ಹಣವನ್ನು ಬಹಿರಂಗವಾಗಿ ಬಹುಮಾನವಿತ್ತಿತು. ಆಗಲೂ ಗಂಡಸರಲ್ಲಿ ಗೆದ್ದ ರಾಡ್ ಲೇವರನಿಗೆ 2,000 ಪೌಂಡು, ಹೆಂಗಸರಲ್ಲಿ ಗೆದ್ದ ಬಿಲ್ಲೀ ಜೀನ್ ಕಿಂಗಳಿಗೆ 750 ಪೌಂಡು. ಇಬ್ಬರಿಗೂ ಸಮನಾದುದು 2007ರಲ್ಲಿ. ಇಂದು ಪ್ಯಾರಿಸ್ಸಿನ ರೋಲಾಂ ಗಾರೋಸ್ ಕ್ರೀಡಾಂಗಣದ ಎರಡನೆಯ ದೊಡ್ಡ ಅಂಗಣಕ್ಕೂ, ಅಲ್ಲಿ ಗೆದ್ದ ಮಹಿಳೆಯು ಎತ್ತಿಹಿಡಿಯುವ ಬಟ್ಟಲಿಗೂ ಸುಜಾನಳ ಹೆಸರಿದೆ. ಸತ್ತವರಿಗೆ ಹೆಸರಿಡುವುದು ಸುಲಭ. ಬದುಕಿರುವಾಗ ಕೂಲಿ ಕೊಡುವುದೇ ಕಷ್ಟ. ಕೀರ್ತಿಯನ್ನು ಕೂಲಿಯ ಬದಲಿಗೆ ನೀಡುವವರು ಎಲ್ಲಿಯೇ ಇರಲಿ, ಯಾವ ಕಸುಬಿನಲ್ಲಿಯೇ ಇರಲಿ, ಈ ಹೆಂಗಸಿನ ಜೀವನವನ್ನು ಒಮ್ಮೆ ನೆನೆಯುವುದು ಒಳ್ಳೆಯದು.