ಗೊಂಬೆಯ ಕೂದಲಿನ ಹಿಂದೆ ಒಬ್ಬ ಮನುಷ್ಯ: ವಾಲೇಸ್ ಕರೋಥರ್ಸ್

ಗಂಗಾವತಿ ತಾಲ್ಲೂಕಿನ ನಮ್ಮ ಮರಳಿ ಕಡೆಯ ಮನೆಗಳಲ್ಲೂ ಅಟ್ಟ ಹತ್ತಿ ಟ್ರಂಕು ತೆಗೆದರೆ ಹಳೇ ಫ್ಯಾಶನ್ ಗೊಂಬೆಯೊಂದು ಸಿಕ್ಕರೂ ಸಿಗಬಹುದು. ಯಾವುದೋ ಜಾತ್ರೆಯಲ್ಲಿ ಹಟ ಹಿಡಿದು ಕೊಡಿಸಿಕೊಂಡದ್ದು. ಫ್ರಾಕು ಎಲ್ಲೋ ಹೋಗಿರುತ್ತದೆ, ಒಂದು ಚಪ್ಪಲಿ ಕಳೆದಿರುತ್ತದೆ. ಅದಕ್ಕಿಂತ ಬೇಜಾರಾಗೋದು ಅದರ ಕೂದಲು ನೋಡಿದಾಗ. ಕೊಂಡ ದಿನ ರೇಷ್ಮೆಯಂತಿದ್ದದ್ದು ಈಗ ತೆಂಗಿನ ನಾರಿನ ಉಂಡೆ. ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳ ಗೊಂಬೆಗೆ ಈ ತಾಪತ್ರಯ ಇಲ್ಲ ನೋಡ್ರಿ. ಅದು ಕಟ್ಟಿಗೆಯದು, ಕೂದಲನ್ನು ಬಣ್ಣದಲ್ಲೇ ಬರೆದಿರುತ್ತಾರೆ. ಆದರೆ ಹಣಿಗೆ ಹಿಡಿದು ಬಾಚಬೇಕು, ಹೆರಳು ಹಾಕಬೇಕು ಅಂದರೆ ನಿಜವಾದ ಎಳೆ ಬೇಕು. ಪ್ಲಾಸ್ಟಿಕ್ ಗೊಂಬೆಯ ತಲೆಗೆ ಹೊಲಿಯುವ ಎಳೆಗಳಲ್ಲಿ ನೈಲಾನ್ ಒಂದು. ಆ ನೈಲಾನನ್ನು ಹುಟ್ಟುಹಾಕಿದ ತಂಡದ ಮುಖ್ಯಸ್ಥರು ವಾಲೇಸ್ ಹ್ಯೂಮ್ ಕರೋಥರ್ಸ್. ಪಾಲಿಮರ್ ಪಾಠದಲ್ಲಿ ಅವರ ಹೆಸರಿನ ಸಮೀಕರಣ ಬರೆದು ಮಾರ್ಕ್ಸ್ ತಗೊಂಡವರು ನಮ್ಮಲ್ಲಿ ಬಹಳ ಜನ ಇದ್ದೇವೆ. ಅವರ ಬದುಕು ಮಾತ್ರ ಸಿಲಬಸ್‌ನಲ್ಲಿ ಇಲ್ಲ.

ಕರೋಥರ್ಸ್ ಹುಟ್ಟಿದ್ದು 1896ರ ಏಪ್ರಿಲ್ 27ರಂದು, ಅಮೆರಿಕದ ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ನಾಲ್ಕು ಮಕ್ಕಳಲ್ಲಿ ಹಿರಿಯರು. ತಂದೆ ವಾಣಿಜ್ಯ ಕಾಲೇಜೊಂದರಲ್ಲಿ ಮೇಷ್ಟ್ರು. ಹಾಗಾಗಿ ಮಗ ಮೊದಲು ಓದಿದ್ದು ರಸಾಯನಶಾಸ್ತ್ರವಲ್ಲ, ಅಕೌಂಟ್ಸ್! ಅದನ್ನು ಬೇಗ ಮುಗಿಸಿ 1915ರಲ್ಲಿ ಮಿಸೌರಿಯ ಟಾರ್ಕಿಯೋ ಎಂಬ ಸಣ್ಣ ಕಾಲೇಜಿಗೆ ಸೇರಿದರು. ಅಲ್ಲಿ ಕೆಮಿಸ್ಟ್ರಿ ಹಿಡಿಸಿತು. ಎಷ್ಟರ ಮಟ್ಟಿಗೆ ಅಂದರೆ, ಅವರ ಪ್ರಾಧ್ಯಾಪಕರು ಬೇರೆ ಕಡೆ ಹೋದಾಗ, ಇನ್ನೂ ವಿದ್ಯಾರ್ಥಿಯಾಗಿದ್ದ ಇವರಿಗೇ ಪಾಠ ಮಾಡುವ ಕೆಲಸ ಕೊಟ್ಟರು. ಡಿಗ್ರಿ ಕೈಗೆ ಬಂದಾಗ ವಯಸ್ಸು 24. ಅಲ್ಲಿಂದ ಇಲಿನಾಯ್ ವಿಶ್ವವಿದ್ಯಾಲಯ. ನಡುವೆ ದುಡ್ಡಿಗಾಗಿ ಒಂದು ವರ್ಷ ಸೌತ್ ಡಕೋಟಾದಲ್ಲಿ ಮೇಷ್ಟ್ರಿಕೆ. 1924ರಲ್ಲಿ ರೋಜರ್ ಆಡಮ್ಸ್ ಅವರ ಕೈಕೆಳಗೆ ಪಿಎಚ್‌ಡಿ, 1926ರಲ್ಲಿ ಹಾರ್ವರ್ಡ್.

ಹಾರ್ವರ್ಡ್ ಸಿಕ್ಕಿತು, ಇನ್ನೇನು ಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅವರು ಬಹಳ ಸಂಕೋಚದ ಮನುಷ್ಯ. ಕ್ಲಾಸಿನಲ್ಲಿ ನಿಂತು ಭಾಷಣ ಮಾಡುವುದು ಅವರಿಗೆ ಒಗ್ಗುತ್ತಿರಲಿಲ್ಲ. ಅದೇ ಹೊತ್ತಿಗೆ ಡ್ಯೂಪಾಂಟ್ ಕಂಪನಿ ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ ಮೂಲ ಸಂಶೋಧನೆಗೆಂದೇ ಒಂದು ವಿಭಾಗ ಶುರು ಮಾಡುತ್ತಿತ್ತು. ಕರೆ ಬಂದಾಗ ಅವರು ಮೊದಲು ಒಪ್ಪಲಿಲ್ಲ. ಆಗಾಗ ತನ್ನ ಮನಸ್ಸು ಕುಸಿದುಬಿಡುತ್ತದೆ, ಆಗ ಕೆಲಸವೇ ಆಗುವುದಿಲ್ಲ, ಕಂಪನಿಯಲ್ಲಿ ಇದು ಇನ್ನೂ ಕಷ್ಟವಾಗಬಹುದು ಅಂತ ಪತ್ರದಲ್ಲೇ ತಿಳಿಸಿದ್ದರು. 1927ರಲ್ಲಿ ಕೆಲಸ ಕೇಳುವ ಒಬ್ಬ ಮನುಷ್ಯ ತನ್ನ ಮಾನಸಿಕ ಕಾಯಿಲೆಯನ್ನು ಮುಚ್ಚಿಡದೆ ಬರೆದದ್ದು ಸಣ್ಣ ಮಾತಲ್ಲ. ಕಂಪನಿ ಬಿಡಲಿಲ್ಲ. 1928ರ ಫೆಬ್ರವರಿಯಲ್ಲಿ ಅವರು ಅಲ್ಲಿ ಸೇರಿದರು.

ಆ ಕಾಲಕ್ಕೆ ಪಾಲಿಮರ್ ಅಂದರೆ ಏನು ಅನ್ನುವುದೇ ಜಗಳದ ವಿಷಯ. ರಬ್ಬರು, ರೇಷ್ಮೆ, ಹತ್ತಿ ಇವೆಲ್ಲ ಸಣ್ಣ ಅಣುಗಳು ಗುಂಪುಗೂಡಿ ಆದವು ಅಂತ ಬಹಳ ಜನ ವಿಜ್ಞಾನಿಗಳು ನಂಬಿದ್ದರು. ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಮಾತ್ರ, ಇಲ್ಲ, ಇವು ನಿಜಕ್ಕೂ ಉದ್ದುದ್ದ ಅಣುಗಳೇ ಅಂತ ವಾದ ಹೂಡಿದ್ದರು. ಕರೋಥರ್ಸ್ ವಾದಕ್ಕೆ ಇಳಿಯಲಿಲ್ಲ. ಎಲ್ಲರಿಗೂ ಗೊತ್ತಿರುವ ಸಾದಾ ಕ್ರಿಯೆಗಳನ್ನೇ ಬಳಸಿ, ಕೊಂಡಿಗೆ ಕೊಂಡಿ ಸೇರಿಸಿ, ಉದ್ದ ಅಣುವನ್ನು ಕಟ್ಟಿಯೇ ತೋರಿಸುವುದು ಅವರ ದಾರಿ. ಹಾಗೆ ಕಟ್ಟಿದ್ದಾದರೆ ಒಳಗೆ ಏನಿದೆ ಅನ್ನುವುದರಲ್ಲಿ ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ನಾವು ಬಾಯಿಪಾಠ ಮಾಡುವ ಸಮೀಕರಣ ಈ ಕೆಲಸದ್ದೇ. ಸರಪಳಿಯ ಸರಾಸರಿ ಉದ್ದ ಅಂದರೆ ಒಂದನ್ನು, ಇನ್ನೂ ಕ್ರಿಯೆಯಾಗದೆ ಉಳಿದ ಭಾಗದಿಂದ ಭಾಗಿಸಿದ್ದು. ಕ್ರಿಯೆ ನೂರಕ್ಕೆ 95ರಷ್ಟು ಮುಗಿದರೆ ಸರಪಳಿಯಲ್ಲಿ ಸರಾಸರಿ 20 ಕೊಂಡಿ. 99ರಷ್ಟು ಮುಗಿದರೆ 100. ಪರೀಕ್ಷೆಯಲ್ಲಿ 95 ಬಂದರೆ ನಮ್ಮ ಮನೆಯಲ್ಲಿ ಓಣಿಗೆಲ್ಲ ಪೇಡೆ ಹಂಚುತ್ತಾರೆ. ಆದರೆ 95ಕ್ಕೆ ನೂಲು ಬರುವುದಿಲ್ಲ! ಕ್ರಿಯೆಯಲ್ಲಿ ಹುಟ್ಟುವ ನೀರು ಒಳಗೇ ಉಳಿದರೆ ಸರಪಳಿ ಬೆಳೆಯುವುದು ನಿಂತುಹೋಗುತ್ತದೆ. ಆ ನೀರನ್ನು ನಿರ್ವಾತದಲ್ಲಿ ಎಳೆದು ತಣ್ಣನೆಯ ಮೇಲ್ಮೈಯ ಮೇಲೆ ಹಿಡಿಯುವ ಉಪಕರಣವನ್ನು ಅವರ ತಂಡ ಬಳಸಿತು. ಅಣುತೂಕ ಹತ್ತು ಸಾವಿರ ದಾಟಿತು.

1930ರ ಏಪ್ರಿಲ್ ಆ ಲ್ಯಾಬಿಗೆ ಸುಗ್ಗಿಯ ತಿಂಗಳು. ತಂಡದ ಆರ್ನಾಲ್ಡ್ ಕಾಲಿನ್ಸ್ ಕೈಯಲ್ಲಿ ಮುಂದೆ ನಿಯೋಪ್ರೀನ್ ಎಂದು ಹೆಸರಾದ ಕೃತಕ ರಬ್ಬರು ಸಿಕ್ಕಿತು. ಅದೇ ತಿಂಗಳು ಜೂಲಿಯನ್ ಹಿಲ್, ಕರಗಿದ ಪಾಲಿಯೆಸ್ಟರಿಗೆ ಕಡ್ಡಿ ಅದ್ದಿ ಎತ್ತಿದಾಗ ಎಳೆ ಬಂತು. ತಣ್ಣಗಾದ ಮೇಲೂ ಅದನ್ನು ಎಳೆದರೆ ಇನ್ನಷ್ಟು ಉದ್ದವಾಯಿತು. ಹರಿಯುವ ಬದಲು ಗಟ್ಟಿಯಾಯಿತು, ಹೊಳಪೂ ಬಂತು. ಅಡ್ಡಾದಿಡ್ಡಿ ಬಿದ್ದಿದ್ದ ಸರಪಳಿಗಳು ಎಳೆತಕ್ಕೆ ಸಾಲಾಗಿ ಒಂದರ ಪಕ್ಕ ಒಂದು ಮಲಗಿದ್ದವು. ಆದರೆ ಆ ಪಾಲಿಯೆಸ್ಟರುಗಳು ಸ್ವಲ್ಪ ಬಿಸಿಗೇ ಕರಗುತ್ತಿದ್ದವು. ಇಸ್ತ್ರಿ ತಡೆಯದ ಬಟ್ಟೆ ಯಾರಿಗೆ ಬೇಕು? ಕೆಲಸ ಕೆಲ ಕಾಲ ಮೂಲೆಗೆ ಬಿತ್ತು.

1934ರಲ್ಲಿ ಮತ್ತೆ ಕೈ ಹಾಕಿದರು. ಈ ಸಲ ಎಸ್ಟರ್ ಬದಲು ಅಮೈಡ್. ಮೇ 24ರಂದು ಡೊನಾಲ್ಡ್ ಕಾಫ್‌ಮನ್ ಮೊದಲ ಒಳ್ಳೆಯ ಪಾಲಿಅಮೈಡ್ ಎಳೆ ತೆಗೆದರು. 1935ರ ಫೆಬ್ರವರಿ 28ರಂದು ಜೆರಾರ್ಡ್ ಬರ್ಷೆ, ಆರು ಕಾರ್ಬನ್ನಿನ ಡೈಅಮೀನ್ ಮತ್ತು ಆರು ಕಾರ್ಬನ್ನಿನ ಅಡಿಪಿಕ್ ಆಮ್ಲ ಸೇರಿಸಿ ಪಾಲಿಅಮೈಡ್ 6,6 ಮಾಡಿದರು. ಸರಪಳಿಗಳ ನಡುವೆ ಹೈಡ್ರೋಜನ್ ಬಂಧಗಳು ಬಿಗಿಯಾಗಿ ಕೂತಿದ್ದರಿಂದ ಅದು ಕರಗಲು 260 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕಾಯಿತು. ಮುಂದೆ ನೈಲಾನ್ ಆದದ್ದು ಇದೇ.

ಹೊರಗಿನಿಂದ ನೋಡಿದರೆ ಏರುಗಾಲ. ಒಳಗೆ ಬೇರೆಯೇ ನಡೆದಿತ್ತು. ಚಿಕ್ಕ ವಯಸ್ಸಿನಿಂದ ಬಂದು ಹೋಗುತ್ತಿದ್ದ ಖಿನ್ನತೆ ಈಗ ಬಿಡದೆ ಹಿಡಿಯಿತು, ಕುಡಿತವೂ ಜೊತೆಯಾಯಿತು. 1934ರ ಬೇಸಿಗೆಯಲ್ಲಿ ಅವರು ಕೆಲಸಕ್ಕೆ ಬಾರದೆ ಕಾಣೆಯಾದರು. ಬಾಲ್ಟಿಮೋರ್ ಹತ್ತಿರದ ಮಾನಸಿಕ ಚಿಕಿತ್ಸಾಲಯದಲ್ಲಿ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು. 1936ರ ಫೆಬ್ರವರಿಯಲ್ಲಿ ಹೆಲೆನ್ ಸ್ವೀಟ್‌ಮನ್ ಅವರೊಂದಿಗೆ ಮದುವೆ. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ. ಕಂಪನಿಯಲ್ಲಿ ಕೆಲಸ ಮಾಡುವ ಸಾವಯವ ರಸಾಯನಶಾಸ್ತ್ರಜ್ಞರಲ್ಲಿ ಆ ಗೌರವ ಮೊದಲು ಸಿಕ್ಕಿದ್ದು ಇವರಿಗೇ. ಕೆಲವೇ ವಾರಗಳಲ್ಲಿ ಮತ್ತೆ ಆಸ್ಪತ್ರೆ. ಹಳೇ ಗುರು ಆಡಮ್ಸ್ ಅವರನ್ನು ಆಲ್ಪ್ಸ್ ಬೆಟ್ಟದ ಚಾರಣಕ್ಕೂ ಕರೆದೊಯ್ದರು. ಆದರೆ ತನ್ನಿಂದ ಏನೂ ಆಗಲಿಲ್ಲ, ಹೊಸ ಯೋಚನೆ ಇನ್ನು ಹುಟ್ಟುವುದಿಲ್ಲ ಅನ್ನುವ ನಂಬಿಕೆ ಅವರ ತಲೆಯಿಂದ ಹೋಗಲಿಲ್ಲ. ನಿಯೋಪ್ರೀನ್ ಮತ್ತು ನೈಲಾನ್ ಕೈಯಲ್ಲಿಟ್ಟುಕೊಂಡ ಮನುಷ್ಯ ಹಾಗೆ ನಂಬಿದ್ದರು!

1937ರ ಜನವರಿಯಲ್ಲಿ ಪ್ರೀತಿಯ ತಂಗಿ ಇಸೊಬೆಲ್ ನ್ಯುಮೋನಿಯಾದಿಂದ ತೀರಿಕೊಂಡರು. ಏಪ್ರಿಲ್ 9ರಂದು ಅವರ ಹೆಸರಿನಲ್ಲಿ ಪಾಲಿಅಮೈಡ್ ಎಳೆಯ ಪೇಟೆಂಟ್ ಅರ್ಜಿ ಹೋಯಿತು. ಏಪ್ರಿಲ್ 29ರಂದು, 41 ತುಂಬಿದ ಎರಡು ದಿನಕ್ಕೆ, ಫಿಲಡೆಲ್ಫಿಯಾದಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಹೆಲೆನ್ ಆಗ ಬಸುರಿ. ನವೆಂಬರ್ 27ರಂದು ಮಗಳು ಜೇನ್ ಹುಟ್ಟಿದಳು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕರೋಥರ್ಸ್ ತಮ್ಮ ನೋವನ್ನು ಮುಚ್ಚಿಟ್ಟವರಲ್ಲ, ಗೆಳೆಯರಿಗೆ ಹೇಳಿದ್ದರು, ವೈದ್ಯರ ಹತ್ತಿರವೂ ಹೋಗಿದ್ದರು. ಆಗ ಈ ಕಾಯಿಲೆಗೆ ಇಂದಿನಂಥ ಔಷಧಿ ಇರಲಿಲ್ಲ. ಈಗ ಇದೆ. ಬ್ಯಾಕ್‌ಲಾಗ್ ಉಳಿದವರು, ಪ್ಲೇಸ್‌ಮೆಂಟ್ ಆಗದವರು ಮಾತ್ರ ಕುಸಿಯುತ್ತಾರೆ ಅಂತ ನಾವು ತಿಳಿದಿರುತ್ತೇವೆ. ಕ್ಲಾಸಿಗೇ ಫಸ್ಟ್ ಬರುವವರೂ ಕುಸಿಯಬಹುದು, ಅವರ ಮಾರ್ಕ್ಸ್ ಕಾರ್ಡ್ ನೋಡಿದರೆ ಅದು ಕಾಣುವುದಿಲ್ಲ. ಹಾಸ್ಟೆಲಿನಲ್ಲಿ ಯಾರಾದರೂ ನನ್ನಿಂದ ಏನೂ ಆಗಲ್ಲ ಕಣೋ ಅಂದರೆ, ನಿನಗೇನು ಕಮ್ಮಿ ಅಂತ ನಕ್ಕು ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು ಕೇಳಿ, ಆಮೇಲೆ ವೈದ್ಯರ ಬಳಿಗೆ ಜೊತೆಯಲ್ಲೇ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಪೇಟೆಂಟ್ ಮಂಜೂರಾದದ್ದು 1938ರ ಸೆಪ್ಟೆಂಬರ್ 20ರಂದು. ನೈಲಾನ್ ಅನ್ನುವ ಹೆಸರು ಜನರಿಗೆ ತಿಳಿದದ್ದು ಅದರ ಮುಂದಿನ ತಿಂಗಳು. ತಾನು ಮಾಡಿದ್ದರ ಹೆಸರನ್ನು ಕರೋಥರ್ಸ್ ಕೇಳಲೇ ಇಲ್ಲ. ಮೊದಲು ಹಲ್ಲುಜ್ಜುವ ಬ್ರಶ್ಶಿನ ಎಳೆ, 1940ರ ಮೇ 15ರಿಂದ ಅಮೆರಿಕದಾದ್ಯಂತ ಹೆಂಗಸರ ಕಾಲುಚೀಲ, ಯುದ್ಧದಲ್ಲಿ ಪ್ಯಾರಾಶೂಟು, ಹಗ್ಗ. ಕಾಲುಚೀಲ ಹೆಣೆದ ಮೇಲೆ ಕಾಲಿನ ಆಕಾರದ ಅಚ್ಚಿಗೆ ತೊಡಿಸಿ ಹಬೆ ಕೊಡುತ್ತಿದ್ದರು. ಹಬೆಯಲ್ಲಿ ಪಡೆದ ಆಕಾರ ತಣ್ಣಗಾದ ಮೇಲೆ ಹಾಗೇ ನಿಲ್ಲುತ್ತಿತ್ತು.

ಯುದ್ಧ ಮುಗಿದ ಮೇಲೆ ಈ ಎಳೆ ಗೊಂಬೆಯ ತಲೆಗೂ ಏರಿತು. 1949ರಲ್ಲಿ ಐಡಿಯಲ್ ಕಂಪನಿಯ ಟೋನಿ ಗೊಂಬೆ ಬಂತು. ಅದರ ನೈಲಾನ್ ಕೂದಲನ್ನು ಹುಡುಗಿಯರು ತೊಳೆದು, ಬಾಚಿ, ಸಕ್ಕರೆ ನೀರು ಹಚ್ಚಿ ಗುಂಗುರು ಮಾಡಬಹುದಿತ್ತು. 1959ರಲ್ಲಿ ಬಂದ ಬಾರ್ಬಿಗೆ ಸರಾನ್ ಎಂಬ ಬೇರೆ ಎಳೆ. ಇಂದಿನ ಗೊಂಬೆಗಳಲ್ಲಿ ಇವೆರಡೂ ಇವೆ, ಅಗ್ಗದವುಗಳಲ್ಲಿ ಪಾಲಿಪ್ರೊಪಿಲೀನೂ ಇದೆ.

ಈಗ ಟ್ರಂಕಿನ ಗೊಂಬೆಯನ್ನು ಕೆಳಗಿಳಿಸಿ. ಕೂದಲು ಕೆದರುವುದು ಯಾಕೆ? ಒಣಗಿದ್ದಾಗ ಜಗ್ಗಿ ಬಾಚಿದ್ದು, ಹಾಸಿಗೆ ಬಟ್ಟೆಗೆ ಉಜ್ಜಿದ್ದು, ಮಡಚಿಕೊಂಡು ವರ್ಷಗಟ್ಟಲೆ ಬಿದ್ದದ್ದು. ಎಳೆಗಳು ಒಂದೊಂದು ದಿಕ್ಕಿಗೆ ಬಾಗಿ ಆ ಬಾಗಿನಲ್ಲೇ ನಿಂತಿರುತ್ತವೆ. ಒಣ ನೈಲಾನ್ 6,6ರ ಗ್ಲಾಸ್ ಟ್ರಾನ್ಸಿಷನ್ ತಾಪಮಾನ ಸುಮಾರು 50 ಡಿಗ್ರಿ. ಒದ್ದೆಯಾದರೆ ಇನ್ನೂ ಕಮ್ಮಿ. ಅದಕ್ಕಿಂತ ಬಿಸಿಯಾದರೆ ಅಸ್ತವ್ಯಸ್ತವಾಗಿರುವ ಭಾಗದ ಸರಪಳಿಗಳು ಅಲುಗಾಡುತ್ತವೆ, ಹೈಡ್ರೋಜನ್ ಬಂಧ ಬಿಟ್ಟು ಹೊಸ ಜಾಗದಲ್ಲಿ ಕೂಡುತ್ತವೆ. ಕರಗುವ ಬಿಸಿ ಇನ್ನೂ ಬಹಳ ದೂರ ಇರುತ್ತದೆ. ನಮಗೆ ಬೇಕಾದದ್ದು ಈ ನಡುವಿನ ಜಾಗ.

ಮೊದಲು ಶಾಂಪೂ ಹಾಕಿ ತೊಳೆಯಿರಿ. ಕಂಡೀಷನರ್ ಧಾರಾಳವಾಗಿ ಹಚ್ಚಿ, ಎಳೆಗಳು ಜಾರಲಿ. ಸಿಕ್ಕನ್ನು ತುದಿಯಿಂದ ಬಿಡಿಸುತ್ತ ಬುಡದ ಕಡೆ ಬನ್ನಿ. ಬುಡದಿಂದ ಜಗ್ಗಿದರೆ ಹೊಲಿದ ಗೊಂಚಲೇ ಕಿತ್ತು ಬರುತ್ತದೆ. ಸಿಕ್ಕೆಲ್ಲ ಬಿಟ್ಟ ಮೇಲೆ, ಕುದಿದು ಒಲೆಯಿಂದ ಇಳಿಸಿ ತುಸು ಆರಿದ ನೀರನ್ನು ಕೂದಲ ಮೇಲೆ ಮಾತ್ರ ಹುಯ್ಯಿರಿ, ಕೈ ಸುಟ್ಟುಕೊಳ್ಳಬೇಡಿ. ಮೊಣಕಾಲಿನ ಒಳಗೆ ಲೋಹದ ತಂತಿ ಇರುವ ಗೊಂಬೆಯ ಮೈಗೆ ನೀರು ತಾಗಿಸಬೇಡಿ, ತುಕ್ಕು ಹಿಡಿಯುತ್ತದೆ. ಬಿಸಿ ಇರುವಾಗಲೇ ನೇರ ಬಾಚಿ, ಮೆಲ್ಲಗೆ ಬಿಗಿ ಹಿಡಿದು ಬಟ್ಟೆ ಸುತ್ತಿ, ಪೂರ್ತಿ ತಣ್ಣಗಾಗಿ ಒಣಗುವ ತನಕ ಬಿಚ್ಚಬೇಡಿ. ಗುಂಗುರು ಬೇಕಾದರೆ ಸ್ಟ್ರಾಗೆ ಸುತ್ತಿ ಇದನ್ನೇ ಮಾಡಿ. ಸ್ಟ್ರೈಟ್ನರ್ ಬೇಡ. ಎಳೆ ಸರಾನ್ ಆಗಿದ್ದರೆ ಅಷ್ಟು ಬಿಸಿ ತಡೆಯದೆ ಕರಗಿ ಅಂಟಿಕೊಳ್ಳುತ್ತದೆ. ಒಮ್ಮೆ ಸುಟ್ಟು ಮುರುಟಿದ ತುದಿಗೆ ಬಿಸಿನೀರು ಏನೂ ಮಾಡದು, ಅಷ್ಟನ್ನು ಕತ್ತರಿಸಬೇಕು.

ಇನ್ನು ರಜೆಗೆ ಊರಿಗೆ ಹೋದಾಗ ಮನೆಯ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಮಾಡಿ ನೋಡ್ರಿ. ಕೂದಲು ಒಣಗುವ ತನಕ ಹೇಗೂ ಕಾಯಬೇಕು. ಆ ಹೊತ್ತಿನಲ್ಲಿ ಅವರಿಗೆ ಕರೋಥರ್ಸ್ ಕಥೆ ಹೇಳಬಹುದು.