ತಮ್ಮ ಮೇಲೆಯೇ ಲಸಿಕೆ ಪ್ರಯೋಗಿಸಿದ ಹಾಫ್ಕಿನ್

ಪ್ಲೇಗಿಗೆ ಲಸಿಕೆ ಕಂಡುಹಿಡಿದ ಜೀವಾಣು ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಜನಿಸಿದ್ದು 1860ರಲ್ಲಿ, ಒಡೆಸ್ಸಾದ ಯಹೂದಿ ಕುಟುಂಬವೊಂದರಲ್ಲಿ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿದ ಅವರು 1892ರಲ್ಲಿ ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗು ಕಾಲಿಟ್ಟಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಹಗಲಿರುಳು ದುಡಿದ ಹಾಫ್ಕಿನ್, 1897ರ ಜನವರಿ 10ರಂದು ಹೊಸ ಲಸಿಕೆಯನ್ನೂ ತಮ್ಮ ದೇಹದ ಮೇಲೆಯೇ ಪರೀಕ್ಷಿಸಿದರು. ಜ್ವರ, ನೋವು ಉಂಡ ಬಳಿಕವೇ ಬೈಕಲ್ಲಾ ಕಾರಾಗೃಹದಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಅದನ್ನು ನೀಡಿದರು.

ಅದೇ ವರ್ಷ ಪುಣೆಯಲ್ಲಿ ರೋಗ ತಡೆಯುವ ನೆಪದಲ್ಲಿ ಸೈನಿಕರು ಮನೆಮನೆ ಹೊಕ್ಕರು. ಜನರ ಆಕ್ರೋಶ ಪ್ಲೇಗು ಅಧಿಕಾರಿ ರ್‍ಯಾಂಡ್ ಹತ್ಯೆಯಲ್ಲಿ ಪರ್ಯವಸಾನವಾಯಿತು. ಬಲಾತ್ಕಾರದ ಆ ಕಾಲದಲ್ಲೂ ಹಾಫ್ಕಿನ್ ಜನರ ಒಪ್ಪಿಗೆಯನ್ನೇ ನೆಚ್ಚಿದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಹಸ್ರಾರು ಮಂದಿ ಅವರ ಲಸಿಕೆ ಪಡೆದರು.

1902ರ ಅಕ್ಟೋಬರ್‌ನಲ್ಲಿ ಆ ನೆಚ್ಚಿಕೆಗೆ ಪೆಟ್ಟು ಬಿತ್ತು. ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 107 ಜನರ ಪೈಕಿ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಅವರೆಲ್ಲ ಒಂದೇ ಶೀಶೆಯ ಲಸಿಕೆ ಪಡೆದವರು. ವಿಚಾರಣಾ ಆಯೋಗ ಮುಂಬಯಿಯ ಪ್ರಯೋಗಾಲಯವನ್ನೇ ದೂಷಿಸಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡರು. ಶೀಶೆಯ ಬಿರಡೆ ತೆರೆದ ಚಿಮುಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧೀಕರಿಸಿರಲಿಲ್ಲ ಎಂಬ ಅಂಶವನ್ನು ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಎತ್ತಿಹಿಡಿದರು. 1907ರಲ್ಲಿ ಹಾಫ್ಕಿನ್ ದೋಷಮುಕ್ತರಾದರು.

ಲಸಿಕೆಯ ಅಪಾಯವನ್ನು ಅವರು ಮೊದಲು ತಮ್ಮ ಮೈಮೇಲೆ ಹೊತ್ತಿದ್ದರು. ಆದರೆ ನಂಬಿ ಬಂದವರ ಪ್ರಾಣ ಶೀಶೆ ತೆರೆಯುವ ಕೈಯ ಎಚ್ಚರವನ್ನೂ ಅವಲಂಬಿಸಿತ್ತು.

1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಹಾಫ್ಕಿನ್ ಹೆಸರಿಡಲಾಯಿತು. 1930ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಿಧನರಾದರು.