ಆಚಾರ್ಯ ಕೃಪಲಾನಿಯವರೂ ಟಿಬೆಟ್ಟಿನ ನಿರಾಶ್ರಿತರೂ

ಹುಣಸೂರಿನಿಂದ ಪಿರಿಯಾಪಟ್ಟಣದ ಮಾರ್ಗವಾಗಿ ಕೊಡಗಿನ ಕಡೆಗೆ ಪ್ರಯಾಣ ಮಾಡುವವರಿಗೆ, ಕುಶಾಲನಗರವನ್ನು ಮುಟ್ಟುವುದಕ್ಕೆ ಮೊದಲೇ, ಬೈಲಕುಪ್ಪೆಯ ಬಳಿಯಲ್ಲಿ ಗಾಳಿಗೆ ಹಾರಾಡುವ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳೂ, ಕೆಂಪು ವಸ್ತ್ರವನ್ನುಟ್ಟ ಸಂನ್ಯಾಸಿಗಳೂ, ಮುಸುಕಿನ ಜೋಳದ ವಿಸ್ತಾರವಾದ ಹೊಲಗಳೂ ಕಣ್ಣಿಗೆ ಬೀಳುವುವು. ನಮ್ಮ ತಾಲ್ಲೂಕುಗಳ ಹೆಣ್ಣುಮಕ್ಕಳು ಚಿಕ್ಕಂದಿನಿಂದಲೂ ಈ ನೋಟವನ್ನು ಕಂಡಿರುವುದರಿಂದ ಅವರಿಗೆ ಇದರಲ್ಲಿ ವಿಶೇಷವೇನೂ ತೋರದು. ಆದರೆ ಹಿಮಾಲಯದಾಚೆಯ ಜನರು ಕಾವೇರಿಯ ಸೀಮೆಗೆ ಏತಕ್ಕಾಗಿ ಬಂದರು, ಅವರಿಗೆ ಆಶ್ರಯವನ್ನಿತ್ತ ಸರ್ಕಾರವನ್ನು ಅದೇ ವಿಷಯದಲ್ಲಿ ವಿರೋಧಿಸಿದವರು ಯಾರು, ಹಾಗೆ ವಿರೋಧಿಸಿದವರೇ ಅದೇ ನಿರಾಶ್ರಿತರ ಸೇವೆಗೆ ಹೇಗೆ ಮುಂದಾದರು ಎಂಬುದನ್ನು ಬಲ್ಲವರು ವಿರಳ. ಆ ಮಹನೀಯರಾದ ಆಚಾರ್ಯ ಕೃಪಲಾನಿಯವರ ಚರಿತ್ರೆಯನ್ನು ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಯ ಮೂಲಕ ವಿದ್ಯಾರ್ಥಿನಿಯರ ಮುಂದಿಡಲು ಅಪೇಕ್ಷಿಸುತ್ತೇವೆ.

ಜೀವತ್‌ರಾಮ್ ಭಗವಾನ್‌ದಾಸ್ ಕೃಪಲಾನಿಯವರು ೧೮೮೮ನೆಯ ಇಸವಿ ನವೆಂಬರ್ ೧೧ರಂದು ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಜನಿಸಿದರು. ಇದು ದಖ್ಖಣದ ಹೈದರಾಬಾದಲ್ಲ. ಸಿಂಧೂನದಿಯ ತೀರಪ್ರದೇಶದಲ್ಲಿದ್ದು ಈಗ ಪಾಕಿಸ್ತಾನಕ್ಕೆ ಸೇರಿರುವ ಬೇರೊಂದು ಪಟ್ಟಣ. ಸ್ಕಾಟ್ಲೆಂಡಿನ ಮಿಷನರಿಗಳು ಬೊಂಬಾಯಿಯಲ್ಲಿ ಸ್ಥಾಪಿಸಿದ್ದ ವಿಲ್ಸನ್ ಕಾಲೇಜಿನಲ್ಲಿ ಕೆಲವು ಕಾಲ ಕಲಿತು, ಅನಂತರ ಕರಾಚಿಯಲ್ಲಿಯೂ ಪೂನಾ ನಗರದ ಫರ್ಗುಸನ್ ಕಾಲೇಜಿನಲ್ಲಿಯೂ ವ್ಯಾಸಂಗವನ್ನು ಮುಂದುವರಿಸಿ, ಬಿಹಾರದ ಮುಜಫರಪುರದಲ್ಲಿ ಉಪಾಧ್ಯಾಯ ವೃತ್ತಿಯನ್ನು ಕೈಕೊಂಡರು. ೧೯೧೭ರಲ್ಲಿ ಮಹಾತ್ಮಾ ಗಾಂಧಿಯವರು ನೀಲಿ ಬೆಳೆಯುವ ರೈತರ ಕಷ್ಟವನ್ನು ವಿಚಾರಿಸಲು ಚಂಪಾರಣಕ್ಕೆ ಹೊರಟು ಮುಜಫರಪುರದಲ್ಲಿ ರೈಲಿನಿಂದ ನಡುರಾತ್ರಿಯ ವೇಳೆಗೆ ಇಳಿದಾಗ, ಶಿಷ್ಯರೊಡನೆ ಹೋಗಿ ಅವರನ್ನು ಎದುರುಗೊಂಡವರು ಈ ತರುಣ ಉಪಾಧ್ಯಾಯರೇ. ಆ ರಾತ್ರಿಯಿಂದ ಅವರ ಬಾಳು ದೇಶಸೇವೆಗೆ ಮುಡಿಪಾಯಿತು. ಗಾಂಧಿಯವರು ಅಹಮದಾಬಾದಿನಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠಕ್ಕೆ ಪ್ರಾಂಶುಪಾಲರಾಗಿದ್ದ ಕಾರಣದಿಂದ ಆಚಾರ್ಯರೆಂಬ ಹೆಸರು ಅವರಿಗೆ ಶಾಶ್ವತವಾಗಿ ನಿಂತಿತು. ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿಯಾಗಿ ಸುಮಾರು ಹನ್ನೆರಡು ವರ್ಷಕಾಲ ದುಡಿದು, ಹಲವು ಸಲ ಸೆರೆಮನೆಯನ್ನು ಕಂಡು, ೧೯೪೨ರ ಚಳವಳಿಯ ಕಾಲದಲ್ಲಿ ಪಂಡಿತ ನೆಹರೂ ಮೊದಲಾದವರೊಡನೆ ಅಹಮದ್‌ನಗರದ ಕೋಟೆಯಲ್ಲಿ ಬಂಧಿತರಾಗಿದ್ದರು. ಮುಂದೆ ಯಾರನ್ನು ಅವರು ಅಷ್ಟು ತೀವ್ರವಾಗಿ ವಿರೋಧಿಸಬೇಕಾಯಿತೋ ಆ ನೆಹರೂರವರು ಹೀಗೆ ಅವರ ಸೆರೆಮನೆಯ ಸಂಗಾತಿಗಳಾಗಿದ್ದರೆಂಬುದನ್ನು ನಾವು ಮರೆಯಬಾರದು.

೧೯೩೬ರಲ್ಲಿ ಅವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾಗಿದ್ದ ಸುಚೇತಾ ದೇವಿಯವರನ್ನು ವಿವಾಹವಾದರು. ವಯಸ್ಸಿನಲ್ಲಿ ಇಪ್ಪತ್ತು ವರ್ಷಗಳ ಅಂತರವಿದ್ದ ಈ ವಿವಾಹಕ್ಕೆ ಗಾಂಧಿಯವರು ಮೊದಲು ಒಪ್ಪದೆ, ಬಳಿಕ ಸಮ್ಮತಿಸಿದರು. ೧೯೪೬ರಲ್ಲಿ ಬಂಗಾಳದ ನವಖಾಲಿಯಲ್ಲಿ ದಂಗೆಗಳಾದಾಗ ದಂಪತಿಗಳಿಬ್ಬರೂ ಅಲ್ಲಿಗೆ ತೆರಳಿದರು. ಸುಚೇತಾ ದೇವಿಯವರು ಅಲ್ಲಿಯೇ ಉಳಿದು, ಮನೆಮಾರುಗಳನ್ನು ಕಳೆದುಕೊಂಡ ಸ್ತ್ರೀಯರ ನಡುವೆ ಸೇವೆಗೈದರು. ನಿರಾಶ್ರಿತರೆಂದರೆ ಯಾರೆಂಬುದನ್ನು ಈ ದಂಪತಿಗಳು ಅರಿತದ್ದು ಗ್ರಂಥಗಳಿಂದಲ್ಲ.

ಇದಕ್ಕಿಂತಲೂ ಕಠಿನವಾದ ಪರೀಕ್ಷೆ ಮರುವರ್ಷವೇ ಒದಗಿತು. ೧೯೪೭ನೆಯ ಜೂನ್ ತಿಂಗಳಲ್ಲಿ ದೇಶವಿಭಾಗಕ್ಕೆ ಕಾಂಗ್ರೆಸ್ಸು ಸಮ್ಮತಿಯನ್ನಿತ್ತಾಗ ಅಧ್ಯಕ್ಷಪದವಿಯಲ್ಲಿದ್ದವರು ಕೃಪಲಾನಿಯವರೇ. ಆ ನಿರ್ಣಯದ ಫಲವಾಗಿ ಅವರು ಹುಟ್ಟಿದ ಸಿಂಧ್ ಪ್ರಾಂತ್ಯವು ಪರದೇಶವಾಯಿತು. ಅವರ ನಾಡಿನ ಹಿಂದುಗಳು ಲಕ್ಷಗಟ್ಟಲೆಯಾಗಿ ಊರು ಬಿಟ್ಟು ಬಂದರು. ತನ್ನ ಜನರ ಮನೆಗಳು ಹೋಗುವುದಕ್ಕೆ ಕಾರಣವಾದ ನಿರ್ಣಯದಲ್ಲಿ ತನಗೂ ಪಾಲುಂಟೆಂಬ ಅರಿವು ಎಂತಹ ಭಾರವೆಂಬುದನ್ನು ವಾಚಕರೇ ಊಹಿಸಬಹುದು. ಸರ್ಕಾರವು ಮುಖ್ಯ ವಿಷಯಗಳಲ್ಲಿ ಪಕ್ಷದೊಡನೆ ಆಲೋಚಿಸುವುದಿಲ್ಲವೆಂಬ ಕಾರಣದಿಂದ ಅವರು ಅದೇ ವರ್ಷದ ನವೆಂಬರಿನಲ್ಲಿ ಅಧ್ಯಕ್ಷಪದವಿಯನ್ನು ತ್ಯಜಿಸಿದರು. ೧೯೫೧ರಲ್ಲಿ ಕಾಂಗ್ರೆಸ್ಸನ್ನೇ ಬಿಟ್ಟು ಹೊಸ ಪಕ್ಷವನ್ನು ಕಟ್ಟಿದರು. ಅದು ಸ್ವಲ್ಪ ಕಾಲದಲ್ಲಿಯೇ ಸಮಾಜವಾದಿಗಳ ಪಕ್ಷದೊಡನೆ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷವೆನಿಸಿತು.

ಹೀಗಿರಲಾಗಿ ಟಿಬೆಟ್ಟಿನ ವಿಷಯವು ಬಂದೊದಗಿತು. ೧೯೫೦ರಲ್ಲಿ ಚೀನದ ಸೈನ್ಯವು ಆ ದೇಶವನ್ನು ಪ್ರವೇಶಿಸಿತು. ೧೯೫೪ರ ಏಪ್ರಿಲ್ ೨೯ರಂದು ಭಾರತ ಸರ್ಕಾರವು ಚೀನದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಟಿಬೆಟ್ಟು ಚೀನದ ಒಂದು ಪ್ರದೇಶವೆಂದು ಒಪ್ಪಿಕೊಳ್ಳಲಾಯಿತು. ಪಂಚಶೀಲವೆಂಬ ಐದು ತತ್ತ್ವಗಳು ಈ ಒಪ್ಪಂದದ ಪೀಠಿಕೆಯಲ್ಲಿಯೇ ಇದ್ದುವು. ದೇಶವೆಲ್ಲಾ ಅದನ್ನು ಕೊಂಡಾಡುತ್ತಿದ್ದಾಗ ಲೋಕಸಭೆಯಲ್ಲಿ ಎದ್ದು ನಿಂತು ಅದನ್ನು ಖಂಡಿಸಿದವರಲ್ಲಿ ಕೃಪಲಾನಿಯವರು ಮುಖ್ಯರು. ಬಡ ನೆರೆಯವನ ಸ್ವಾತಂತ್ರ್ಯವು ನಾಶವಾಗುತ್ತಿರುವಾಗ ಅದಕ್ಕೆ ಒಪ್ಪಿಗೆಯ ಮುದ್ರೆಯನ್ನೊತ್ತಿ, ಆ ಕಾಗದದ ಮೇಲೆಯೇ ಶಾಂತಿಯ ತತ್ತ್ವಗಳನ್ನು ಬರೆಯುವುದು ಅಧರ್ಮವೆಂಬುದು ಅವರ ಅಭಿಪ್ರಾಯವಾಗಿತ್ತು. ಎರಡು ದೊಡ್ಡ ರಾಷ್ಟ್ರಗಳ ನಡುವೆ ತಡೆಗೋಡೆಯಂತಿದ್ದ ದೇಶವು ಹೋದ ಮೇಲೆ ನಮ್ಮ ಗಡಿಯೂ ಕ್ಷೇಮವಾಗಿರದೆಂದೂ ಅವರು ಎಚ್ಚರಿಸಿದರು. ಆಗ ಆ ಮಾತಿಗೆ ಕಿವಿಗೊಟ್ಟವರು ಸ್ವಲ್ಪವೇ.

೧೯೫೯ನೆಯ ಮಾರ್ಚ್ ತಿಂಗಳಲ್ಲಿ ಲ್ಹಾಸಾ ನಗರದಲ್ಲಿ ಜನರು ದಂಗೆಯೆದ್ದರು. ದಲಾಯಿ ಲಾಮಾರವರು ರಾತ್ರಿಯಲ್ಲಿ ಅರಮನೆಯನ್ನು ಬಿಟ್ಟು, ಹಿಮದ ಕಣಿವೆಗಳನ್ನು ದಾಟಿ, ಅದೇ ತಿಂಗಳ ೩೧ರಂದು ಭಾರತದ ನೆಲದಲ್ಲಿ ಕಾಲಿಟ್ಟರು. ಅವರ ಹಿಂದೆ ಸಾವಿರಾರು ಜನರು ಬಂದರು. ಮುಂದಿನ ವರ್ಷಗಳಲ್ಲಿ ಆ ಸಂಖ್ಯೆಯು ಸುಮಾರು ೮೦ ಸಾವಿರಕ್ಕೆ ಏರಿತು. ನೆಹರೂರವರ ಸರ್ಕಾರವು ಚೀನದ ಕೋಪವನ್ನು ಲೆಕ್ಕಿಸದೆ ಅವರಿಗೆ ಆಶ್ರಯವನ್ನಿತ್ತಿತು. ಈ ಔದಾರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ರಾಜಕೀಯ ಕಾರ್ಯದಲ್ಲಿ ತೊಡಗಬಾರದೆಂಬ ನಿರ್ಬಂಧವು ಆ ಆಶ್ರಯದೊಡನೆ ಇದ್ದಿತು. ದಲಾಯಿ ಲಾಮಾರವರ ಸರ್ಕಾರಕ್ಕೆ ಮನ್ನಣೆ ದೊರೆಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಟಿಬೆಟ್ಟಿನ ಜನರ ಹಕ್ಕುಗಳನ್ನು ಗೌರವಿಸಬೇಕೆಂಬ ನಿರ್ಣಯಕ್ಕೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ೪೫ ರಾಷ್ಟ್ರಗಳು ಪರವಾಗಿಯೂ ೯ ರಾಷ್ಟ್ರಗಳು ವಿರುದ್ಧವಾಗಿಯೂ ಮತವಿತ್ತಾಗ ಭಾರತವು ತಟಸ್ಥವಾಗಿ ಉಳಿಯಿತು. ಅತಿಥಿಗೆ ಅನ್ನವಿಕ್ಕಿ, ಅವನ ಮನೆಯನ್ನು ಕಿತ್ತುಕೊಂಡವರ ವಿಷಯದಲ್ಲಿ ಮೌನವಾಗಿರುವುದು ಪೂರ್ಣವಾದ ಧರ್ಮವಲ್ಲವೆಂದು ವಿರೋಧಪಕ್ಷಗಳವರು ವಾದಿಸಿದರು. ಕೃಪಲಾನಿಯವರೂ, ಲೋಕಸಭೆಯ ಹೊರಗೆ ಜಯಪ್ರಕಾಶ ನಾರಾಯಣರೂ ಈ ವಾದಕ್ಕೆ ಮುಂದಾಳುಗಳಾಗಿದ್ದರು.

ಕೃಪಲಾನಿಯವರ ಹಿರಿಮೆಯು ಈ ವಾದದೊಂದಿಗೆ ಮುಗಿದಿದ್ದರೆ ಈ ಚರಿತ್ರೆಯನ್ನು ಬರೆಯಬೇಕಾದ ಅಗತ್ಯವಿರುತ್ತಿರಲಿಲ್ಲ. ತನ್ನ ಮಾತನ್ನು ಕೇಳದೆ ಹೋದುದರಿಂದಲೇ ಈ ಜನರು ಬೀದಿಪಾಲಾದರು, ಇನ್ನು ಸರ್ಕಾರವೇ ಅವರನ್ನು ನೋಡಿಕೊಳ್ಳಲಿ ಎಂದು ಅವರು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ, ೧೯೫೯ರಲ್ಲಿ ನಾನಾ ಪಕ್ಷಗಳವರು ಕೂಡಿ ರಚಿಸಿದ ಟಿಬೆಟ್ಟಿನವರ ಕೇಂದ್ರ ಪರಿಹಾರ ಸಮಿತಿಗೆ ಅಧ್ಯಕ್ಷರಾಗಿ ನಿಂತರು. ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಮುಂತಾದ ಶಿಬಿರಗಳಲ್ಲಿ ಹಿಮದ ನಾಡಿನ ಜನರು ಬಯಲುಸೀಮೆಯ ಸೆಕೆಯನ್ನು ತಾಳಲಾರದೆ ರೋಗಗಳಿಗೆ ಬಲಿಯಾಗುತ್ತಿದ್ದರು. ದೇಶದೊಳಗಿಂದಲೂ ವಿದೇಶಗಳ ಧರ್ಮಸಂಸ್ಥೆಗಳಿಂದಲೂ ಬಂದ ಆಹಾರ, ಬಟ್ಟೆ, ಔಷಧಗಳನ್ನು ಅವರಿಗೆ ಮುಟ್ಟಿಸುವುದು ಈ ಸಮಿತಿಯ ಕೆಲಸವಾಯಿತು. ಈ ಕೆಲಸವನ್ನು ಸರ್ಕಾರದ ಅಧಿಕಾರಿಗಳೊಡನೆ ಕೂಡಿಯೇ ಮಾಡಬೇಕಾಗಿತ್ತು. ಲೋಕಸಭೆಯಲ್ಲಿ ಯಾವ ಸರ್ಕಾರದ ನೀತಿಯನ್ನು ಖಂಡಿಸುತ್ತಿದ್ದರೋ ಅದೇ ಸರ್ಕಾರದೊಡನೆ ನಿರಾಶ್ರಿತರ ಸಲುವಾಗಿ ಕೈಜೋಡಿಸುವುದನ್ನು ಅವರು ಅವಮಾನವೆಂದು ಎಣಿಸಲಿಲ್ಲ. ಕೈಜೋಡಿಸಿದ್ದಕ್ಕಾಗಿ ಖಂಡನೆಯನ್ನು ನಿಲ್ಲಿಸಲೂ ಇಲ್ಲ.

ಇತ್ತ ನೆಹರೂರವರು ನಿರಾಶ್ರಿತರಿಗೆ ಭೂಮಿಯನ್ನು ಕೊಡಬೇಕೆಂದು ಪ್ರಾಂತ ಸರ್ಕಾರಗಳನ್ನು ಕೇಳಿಕೊಂಡಾಗ, ಮೊದಲಿಗೆ ಒಪ್ಪಿ ದೊಡ್ಡ ಪ್ರಮಾಣದಲ್ಲಿ ನೆಲವನ್ನು ಕೊಟ್ಟುದು ನಮ್ಮ ಮೈಸೂರು ಸರ್ಕಾರ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು ೩ ಸಾವಿರ ಎಕರೆಗಳ ಕಾಡುಭೂಮಿಯಲ್ಲಿ ಸುಮಾರು ೩ ಸಾವಿರ ಜನರಿಗಾಗಿ ಲುಗ್ಸುಂಗ್ ಸಮ್ದುಪ್ಲಿಂಗ್ ಎಂಬ ವಸತಿಯು ೧೯೬೦ರ ಸುಮಾರಿಗೆ ಆರಂಭವಾಯಿತು. ಆ ಜನರು ಡೇರೆಗಳಲ್ಲಿ ವಾಸವಾಗಿದ್ದುಕೊಂಡು, ಮರಗಳನ್ನು ಕಡಿದು, ಆನೆ ಹಂದಿಗಳ ಹಾವಳಿಯನ್ನು ಸಹಿಸಿ, ಕಂಡರಿಯದ ಬೆಳೆಗಳ ಬೇಸಾಯವನ್ನು ಕಲಿತರು. ೧೯೬೯ರಲ್ಲಿ ಅದರ ಪಕ್ಕದಲ್ಲಿಯೇ ಎರಡನೆಯ ವಸತಿಯೂ, ೧೯೭೨ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದೂ ಏರ್ಪಟ್ಟುವು. ನಿರಾಶ್ರಿತರನ್ನು ನೆಲೆಗೊಳಿಸುವ ಈ ಕಾರ್ಯಕ್ಕಾಗಿಯೇ ೧೯೬೮ರಲ್ಲಿ ಮೈರಾಡ ಎಂಬ ಸಂಸ್ಥೆಯು ನಮ್ಮ ರಾಜ್ಯದಲ್ಲಿ ಹುಟ್ಟಿತು. ಹೀಗೆ ದೆಹಲಿಯಲ್ಲಿ ನಡೆದ ವಾದವಿವಾದಗಳ ಕೊನೆಯಲ್ಲಿ ಉಳಿದದ್ದು ನಮ್ಮ ಸೀಮೆಯ ಹೊಲಗಳೂ ಮನೆಗಳೂ ಶಾಲೆಗಳೂ.

೧೯೬೨ರ ಅಕ್ಟೋಬರಿನಲ್ಲಿ ಚೀನದ ಸೈನ್ಯವು ನಮ್ಮ ಗಡಿಯನ್ನು ದಾಟಿ ಬಂದು, ಕೃಪಲಾನಿಯವರ ಎಚ್ಚರಿಕೆಯು ನಿಜವಾಯಿತು. ೧೯೬೩ರ ಆಗಸ್ಟಿನಲ್ಲಿ ಅವರು ನೆಹರೂರವರ ಮಂತ್ರಿಮಂಡಲದ ಮೇಲೆ ಅವಿಶ್ವಾಸ ನಿರ್ಣಯವನ್ನು ಮಂಡಿಸಿದರು. ಸ್ವತಂತ್ರ ಭಾರತದ ಲೋಕಸಭೆಯಲ್ಲಿ ಚರ್ಚೆಗೆ ಬಂದ ಅಂತಹ ನಿರ್ಣಯಗಳಲ್ಲಿ ಅದೇ ಮೊದಲನೆಯದು. ಪರವಾಗಿ ೬೨, ವಿರೋಧವಾಗಿ ೩೪೭ ಮತಗಳು ಬಿದ್ದು ಅದು ಸೋತಿತು. ಆಶ್ಚರ್ಯಕರವಾದ ಸಂಗತಿಯೆಂದರೆ, ಸುಚೇತಾ ದೇವಿಯವರು ಆ ವೇಳೆಗೆ ಕಾಂಗ್ರೆಸ್ಸಿಗೆ ಹಿಂದಿರುಗಿದ್ದರು; ಮರು ಅಕ್ಟೋಬರ್ ೨ರಂದು ಅವರು ಉತ್ತರ ಪ್ರದೇಶದ ಮುಖ್ಯಮಂತ್ರಿಗಳಾಗಿ, ಭಾರತದಲ್ಲಿ ಆ ಪದವಿಗೇರಿದ ಮೊದಲನೆಯ ಮಹಿಳೆಯೆನಿಸಿದರು. ಪತಿಯು ಸರ್ಕಾರವನ್ನು ಉರುಳಿಸಲು ಯತ್ನಿಸಿದ ಒಂದೆರಡು ತಿಂಗಳಲ್ಲಿಯೇ ಪತ್ನಿಯು ಅದೇ ಪಕ್ಷದ ಸರ್ಕಾರವನ್ನು ನಡೆಸಲು ಹೊರಟರು. ಆದರೂ ಅವರ ದಾಂಪತ್ಯವು ಮುರಿಯಲಿಲ್ಲ.

ಸುಚೇತಾ ದೇವಿಯವರು ೧೯೭೪ರಲ್ಲಿ ತೀರಿಕೊಂಡರು. ಮರುವರ್ಷ ತುರ್ತು ಪರಿಸ್ಥಿತಿಯು ಘೋಷಿತವಾದಾಗ, ಎಂಬತ್ತಾರು ವರ್ಷದ ವೃದ್ಧರಾಗಿದ್ದ ಆಚಾರ್ಯರು ಅದನ್ನೂ ವಿರೋಧಿಸಿ ಬಂಧನಕ್ಕೊಳಗಾದರು. ೧೯೮೨ನೆಯ ಮಾರ್ಚ್ ೧೯ರಂದು ಅಹಮದಾಬಾದಿನಲ್ಲಿ ತಮ್ಮ ತೊಂಬತ್ತಮೂರನೆಯ ವಯಸ್ಸಿನಲ್ಲಿ ಅವರು ಸ್ವರ್ಗಸ್ಥರಾದರು.

ಸಹೋದರಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕುದೇನು? ವಿರೋಧವು ಎರಡು ವಿಧ. ಒಂದು, ತಪ್ಪನ್ನು ತೋರಿಸಿ ಕೈ ತೊಳೆದುಕೊಳ್ಳುವುದು. ಇನ್ನೊಂದು, ತಪ್ಪನ್ನು ತೋರಿಸಿ, ಆ ತಪ್ಪಿನಿಂದ ನೊಂದವರ ಭಾರಕ್ಕೆ ತಾನೂ ಹೆಗಲು ಕೊಡುವುದು. ಮೊದಲನೆಯದು ಸುಲಭ, ಎರಡನೆಯದು ಲೋಕಕ್ಕೆ ಬೇಕಾದದ್ದು. ಶಿಶುವಾದ ಯೇಸುವನ್ನು ಎತ್ತಿಕೊಂಡು ಐಗುಪ್ತದೇಶಕ್ಕೆ ರಾತ್ರಿಯಲ್ಲಿ ಓಡಿಹೋದ ಕುಟುಂಬದ ಕಥೆಯನ್ನು ವರುಷವರುಷವೂ ಕೇಳುವ ನಮ್ಮ ಶಾಲೆಯಲ್ಲಿ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕಬಿನಿಯ ಅಣೆಕಟ್ಟಿಗಾಗಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಊರು ಬಿಟ್ಟವರೂ, ನಾಗರಹೊಳೆಯ ಕಾಡಿನಿಂದ ಹೊರಗೆ ಬಂದ ಜೇನುಕುರುಬರೂ ನಮ್ಮ ನಡುವೆಯೇ ಇದ್ದಾರೆ. ನಿರಾಶ್ರಿತರು ಹಿಮಾಲಯದಾಚೆಯಿಂದಲೇ ಬರಬೇಕೆಂಬ ನಿಯಮವಿಲ್ಲ. ಮುಂದೆ ನೀವು ಯಾವ ಪಕ್ಷಕ್ಕೆ ಮತವಿತ್ತರೂ, ಯಾವ ಸರ್ಕಾರವನ್ನು ಹೊಗಳಿದರೂ ತೆಗಳಿದರೂ, ಮನೆ ಕಳೆದುಕೊಂಡವರು ಬಾಗಿಲಿಗೆ ಬಂದಾಗ ವಾದವನ್ನು ಬದಿಗಿಟ್ಟು ಮೊದಲು ಬಾಗಿಲನ್ನು ತೆರೆಯಿರಿ. ಬಳಿಕ ಅವರ ಪರವಾಗಿ ಮಾತನಾಡಲು ಹೆದರಬೇಡಿರಿ.